ಬ್ರೈಟನ್‌ಗೆ ಹೊರಟಿರೋ ಎಂಟು ಜನಕ್ಕೆ

ಅಕ್ಕಾ, ಈಗ ನೋಡ್ದೆ ನಿಮ್ಮ ಮೆಸೇಜು. ಮಗಳು, ಅವಳ ಕ್ಲಾಸಿನವರು ಸೇರಿ ಎಂಟು ಜನ ಶನಿವಾರ ಭಾನುವಾರ ಲಂಡನ್ನಿಂದ ಬ್ರೈಟನ್‌ಗೆ ಹೋಗ್ತಾರೆ, ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆ ಹತ್ರನೂ ನಡೀತಾರೆ, ಏನೇನು ಹೇಳ್ಬೇಕು ಅಂತ ಕೇಳಿದೀರಿ. ಸ್ವಲ್ಪ ಉದ್ದ ಆಗತ್ತೆ, ಅವಳಿಗೇ ಫಾರ್ವರ್ಡ್ ಮಾಡ್ಬಿಡಿ.

ಎಲ್ಲರೂ ಮೊದಲು ಟ್ರೇನ್ ಟೈಮ್ ನೋಡ್ತಾರೆ. ಇಲ್ಲಿ ಮೊದಲು ನೋಡ್ಬೇಕಾದ್ದು ಸಮುದ್ರದ ಟೈಮು. ಬಂಡೆ ಬುಡದಲ್ಲಿ, ಕಕ್ಮಿಯರ್ ನದಿ ಸಮುದ್ರ ಸೇರೋ ಕಕ್ಮಿಯರ್ ಹೇವನ್ನಿಂದ ಬಂಡೆ ಸಾಲಿನ ಆ ತುದಿ ಬರ್ಲಿಂಗ್ ಗ್ಯಾಪ್ ತನಕ, ಇಳಿತ ಇದ್ದಾಗ ನಡೆಯೋಷ್ಟು ಜಾಗ ಕಾಣತ್ತೆ. ಅದನ್ನ ನೋಡೇ ಜನ ಮೋಸ ಹೋಗೋದು. ಉಬ್ಬರ ಬಂದಾಗ ನೀರು ನೇರ ಗೋಡೆಗೇ ಬಡಿಯತ್ತೆ, ಮಧ್ಯದಲ್ಲಿ ಮೇಲೆ ಹತ್ತಕ್ಕೆ ಒಂದು ಮೆಟ್ಲೂ ಇಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಆದ್ರೆ ನೀರು ಒಂದೇ ಸಮ ಏರಲ್ಲ. ಮೊದಲನೇ ಗಂಟೇಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೇದ್ರಲ್ಲಿ ಎರಡು ಪಾಲು, ಮೂರನೇ ನಾಲ್ಕನೇ ಗಂಟೇಲಿ ಮೂರು ಮೂರು ಪಾಲು. ಅಂದ್ರೆ ‘ಇನ್ನೂ ನೀರೇ ಬಂದಿಲ್ವಲ್ಲ’ ಅಂತ ಫೋಟೊ ತೆಗೀತಾ ನಿಂತವರಿಗೆ ಮುಂದಿನ ಎರಡು ಗಂಟೇಲಿ ಅರ್ಧ ಸಮುದ್ರ ಬಂದ್ಬಿಡತ್ತೆ. ಹುಣ್ಣಿಮೆ ಅಮಾವಾಸ್ಯೆ ಸುತ್ತಮುತ್ತ ಆ ಕಡೆ ಏರಿಳಿತ ಆರು ಮೀಟರ್ ಹತ್ರ ಹೋಗತ್ತೆ.

ಇನ್ನೊಂದು, ಇದು ಓದಿದವರೂ ಮಾಡೋ ತಪ್ಪು. ಕೆಲವು ಟೈಡ್ ಟೇಬಲ್‌ನಲ್ಲಿ (ಉಬ್ಬರ ಇಳಿತದ ವೇಳಾಪಟ್ಟಿ) ಟೈಮ್ ಜಿಎಂಟಿಯಲ್ಲಿ, ಅಂದ್ರೆ ಅಲ್ಲಿನ ಚಳಿಗಾಲದ ಟೈಮಲ್ಲಿ ಇರತ್ತೆ. ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದ ತನಕ ಗಡಿಯಾರ ಒಂದು ಗಂಟೆ ಮುಂದೆ ಇರತ್ತಲ್ಲ, ಆವಾಗ ಟೇಬಲ್‌ಗೆ ಒಂದು ಗಂಟೆ ಕೂಡಿಸ್ಬೇಕು. ಯಾವ ಟೈಮು ಅನ್ನೋದನ್ನ ಪುಟದಲ್ಲೇ ಬರೆದಿರ್ತಾರೆ, ನೋಡ್ಕೊಳ್ಳಲಿ. ನನ್ನ ಕೇಳಿದ್ರೆ ಕೆಳಗಡೆ ನಡೆಯೋದೇ ಬೇಡ, ಮೇಲಿನ ಹುಲ್ಲು ದಾರೀಲೇ ಹೋಗ್ಲಿ.

ಮೇಲೂ ಅಂಚಿಂದ ಕನಿಷ್ಠ ಐದು ಮೀಟರ್ ದೂರವೇ ಇರ್ಬೇಕು. ಅದು ಗಟ್ಟಿ ಕಲ್ಲಲ್ಲ, ಸೀಮೆಸುಣ್ಣದ ಬಂಡೆ. ಅಲೆ ಕೆಳಗಿಂದ ಕೊರೀತಾ ಬರತ್ತೆ. ಮೇಲೆ ಹುಲ್ಲು ಹಸಿರಾಗಿ ಚೆನ್ನಾಗೇ ಕಾಣತ್ತೆ, ಕೆಳಗೆ ಏನೂ ಆಸರೆ ಇರಲ್ಲ. ಹುಲ್ಲಲ್ಲಿ ಅಂಚಿಗೆ ಸಮವಾಗಿ ಕೂದಲೆಳೆಯಷ್ಟು ಬಿರುಕು ಕಂಡ್ರೂ ಆ ಭಾಗ ಹೊರಟಿದೆ ಅಂತಲೇ ಅರ್ಥ. 2017ರಲ್ಲಿ ಒಬ್ಬ ವಿದ್ಯಾರ್ಥಿನಿ ಅಲ್ಲಿ ಹಾರೋ ಫೋಟೊಗೆ ಪೋಸ್ ಕೊಡಕ್ಕೆ ಹೋಗಿ ಬಿದ್ದು ಸತ್ತಳು. ಇದನ್ನ ಮಾತ್ರ ಮೆತ್ತಗೆ ಹೇಳ್ಬೇಡಿ.

ಹೋಗೋ ದಾರಿ. ಬ್ರೈಟನ್ನಿಂದ ಈಸ್ಟ್‌ಬೋರ್ನ್ ಕಡೆ ಹೋಗೋ 12ನೇ ನಂಬರ್ ಕೋಸ್ಟರ್ ಬಸ್ಸು, ಎಕ್ಸೀಟ್ ಹತ್ರ ಸೆವೆನ್ ಸಿಸ್ಟರ್ಸ್ ಪಾರ್ಕ್ ಸ್ಟಾಪಲ್ಲಿ ಇಳೀಬೇಕು. ಮೇಲಿನ ಮಹಡೀಲಿ ಬಲಗಡೆ ಕೂತ್ರೆ ಸಮುದ್ರ. ಎಕ್ಸೀಟಿಂದ ಬರ್ಲಿಂಗ್ ಗ್ಯಾಪ್‌ಗೆ ಆರೂವರೆ ಕಿಲೋಮೀಟರ್ ಆಸುಪಾಸು, ಪೂರ್ತಿ ಹತ್ತೋದು ಇಳಿಯೋದೇ. ಮೂರು ಗಂಟೆ ಇಟ್ಕೊಳ್ಳಿ. ದಾರೀಲಿ ಒಂದು ಅಂಗಡಿ ಇಲ್ಲ, ನೆರಳಿಲ್ಲ, ತಲೆಗೆ ಒಂದೂವರೆ ಲೀಟರ್ ನೀರು ಬೇಕು. ಟಾಯ್ಲೆಟ್ಟು, ಕಾಫಿ ಎಲ್ಲ ಎಕ್ಸೀಟ್ ಬಿಟ್ರೆ ಬರ್ಲಿಂಗ್ ಗ್ಯಾಪಲ್ಲೇ. ಅಲ್ಲಿಂದ ಒಂದು ಮೈಲಿ ಒಳನಾಡಿಗೆ ಹೋದ್ರೆ ಈಸ್ಟ್ ಡೀನ್ ಹಳ್ಳಿ, ವಾಪಸ್ ಬಸ್ಸು ಅಲ್ಲಿ ಸಿಗತ್ತೆ. ಕೊನೇ ಬಸ್ ಟೈಮ್ ಮೊದಲೇ ನೋಡಿರ್ಲಿ.

ಹಾಂ, ಇನ್‌ಸ್ಟಾದಲ್ಲಿ ಬರತ್ತಲ್ಲ, ಮುಂದೆ ಪುಟ್ಟ ಮನೆಗಳು, ಹಿಂದೆ ಬಂಡೆ ಸಾಲು, ಆ ಫೋಟೊ ಕಕ್ಮಿಯರ್ ನದಿಯ ಆಚೆ ದಡದ್ದು, ಸೀಫರ್ಡ್ ಕಡೇದು. ನದಿ ಸಮುದ್ರ ಸೇರೋ ಜಾಗದಲ್ಲಿ ಸೇತುವೆ ಇಲ್ಲ. ಹತ್ರವೇ ಕಾಣತ್ತೆ ಅಂತ ಪ್ಯಾಂಟ್ ಮಡಚ್ಕೊಂಡು ದಾಟಕ್ಕೆ ಹೋಗ್ಬಾರ್ದು, ಸೆಳೆತ ಜೋರು. ಸೇತುವೆ ಇರೋದು ಎಕ್ಸೀಟಲ್ಲಿ, ಸಮುದ್ರದಿಂದ ಎರಡು ಕಿಲೋಮೀಟರ್ ಒಳನಾಡಿಗೆ. ಎರಡೂ ಕಡೆ ಬೇಕು ಅಂದ್ರೆ ಅಷ್ಟು ದೂರ ಲೆಕ್ಕಕ್ಕೆ ಹಿಡೀಲಿ.

ಟ್ರೇನ್ ವಿಷಯ ಬೇಗ ಹೇಳ್ತೀನಿ. ಮೂರರಿಂದ ಒಂಬತ್ತು ಜನ ಇದ್ರೆ ಗ್ರೂಪ್‌ಸೇವ್ ಅಂತ ಮೂರನೇ ಒಂದು ಭಾಗ ಕಡಿಮೆ. ಸ್ಟೂಡೆಂಟ್ಸ್ ತೊಗೊಳ್ಳೋ 16-25 ರೈಲ್‌ಕಾರ್ಡ್ ಇದ್ರೂ ಅಷ್ಟೇ ಕಡಿತ, ಎರಡೂ ಸೇರಿಸಕ್ಕಾಗಲ್ಲ. ಗ್ರೂಪ್‌ಸೇವ್ ತೊಗೊಂಡ್ರೆ ಹೋಗ್ತಾ ಬರ್ತಾ ಒಟ್ಟಿಗೇ ಇರ್ಬೇಕು. ಒಬ್ಬಳು ನಿದ್ದೆ ಮಾಡಿ ಮುಂದಿನ ಟ್ರೇನಲ್ಲಿ ಒಂಟಿಯಾಗಿ ಬಂದ್ರೆ ಆ ಟಿಕೆಟ್ ನಡೆಯಲ್ಲ. ಅಗ್ಗದ ಟಿಕೆಟ್ ಮೇಲೆ ‘ಥೇಮ್ಸ್‌ಲಿಂಕ್ ಮಾತ್ರ’ (ಅದೊಂದು ರೈಲು ಸೇವೆ) ಅಂತಿದ್ರೆ ವಿಕ್ಟೋರಿಯಾ ಸ್ಟೇಷನ್‌ಗೆ ಹೋಗಿ ಬೇರೆ ಸೇವೆಯ ಗಾಡಿ ಹತ್ಬಾರ್ದು. ದಂಡ 100 ಪೌಂಡು, ಮೇಲೆ ಟಿಕೆಟ್ ದುಡ್ಡು. 21 ದಿನದೊಳಗೆ ಕಟ್ಟಿದ್ರೆ ದಂಡ 50ಕ್ಕೆ ಇಳಿಯತ್ತೆ. ವಾರಾಂತ್ಯದಲ್ಲಿ ಹಳಿ ರಿಪೇರಿ ಅಂತ ಅರ್ಧ ದಾರಿ ಬಸ್ಸಲ್ಲಿ ಕಳಿಸೋದೂ ಉಂಟು, ಗುರುವಾರವೇ ನ್ಯಾಷನಲ್ ರೈಲ್ ಆಪ್ ನೋಡ್ಲಿ.

ಬ್ರೈಟನ್ ಬೀಚಲ್ಲಿ ಮರಳಿಲ್ಲ ಅಕ್ಕಾ, ಬರೀ ಬೆಣಚುಗಲ್ಲು. ದಡ ಕಡಿದಾಗಿದೆ, ನಾಲ್ಕು ಹೆಜ್ಜೆಗೆ ಕಾಲಿಗೆ ನೆಲ ಸಿಗಲ್ಲ, ವಾಪಸ್ ಹತ್ತೋವಾಗ ಅಲೆ ಕಾಲಡಿಯ ಕಲ್ಲನ್ನೇ ಎಳ್ಕೊಂಡು ಹೋಗತ್ತೆ. ಈಜೋದಾದ್ರೆ ಲೈಫ್‌ಗಾರ್ಡ್ ಕಾಯೋ ಕೆಂಪು ಹಳದಿ ಬಾವುಟಗಳ ಮಧ್ಯೆ ಮಾತ್ರ. ತಣ್ಣೀರಿಗೆ ಇಳಿದ ತಕ್ಷಣ ಉಸಿರು ಕಟ್ಟಿದ ಹಾಗಾಗತ್ತೆ, ಒಂದೂವರೆ ನಿಮಿಷದೊಳಗೆ ಹತೋಟಿಗೆ ಬರತ್ತೆ. ಅಲ್ಲೀ ತನಕ ಕೈಕಾಲು ಬಡಿಯದೆ ಅಂಗಾತ ತೇಲ್ಬೇಕು. ಏನಾದ್ರೂ ಆದ್ರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಅಂತಲೇ ಕೇಳ್ಬೇಕು.

ಭಾನುವಾರ ರಾಯಲ್ ಪೆವಿಲಿಯನ್ ಅನ್ನೋ ಹಳೇ ಅರಮನೆ ನೋಡ್ಲಿ. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಅದೇ ಆಸ್ಪತ್ರೆ ಆಗಿತ್ತು. ತೀರಿಕೊಂಡ ಹಿಂದೂ, ಸಿಖ್ ಸೈನಿಕರಲ್ಲಿ 53 ಜನರನ್ನ ಊರಾಚೆ ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದ್ರು, 1921ರಲ್ಲಿ ಅಲ್ಲೇ ‘ಛತ್ರಿ’ ಅನ್ನೋ ಅಮೃತಶಿಲೆಯ ಸ್ಮಾರಕ ಅನಾವರಣ ಆಯ್ತು. ಆ ಸ್ಮಾರಕದ ತನಕ ವಾಹನ ಹೋಗಲ್ಲ, ಕೊನೇದು ನಡಿಗೆ, ಮಳೆ ಬಂದಿದ್ರೆ ಜಾರತ್ತೆ.

ತಾರೀಕು ಹಾಕಿಲ್ಲ ನೀವು. ಅವಳಿಗೆ ಆ ಶನಿವಾರದ ಟೈಡ್ ಟೇಬಲ್ ಸ್ಕ್ರೀನ್‌ಶಾಟ್ ಇಲ್ಲೇ ಹಾಕಕ್ಕೆ ಹೇಳಿ, ಎಷ್ಟು ಗಂಟೆ ಬಸ್ಸಿಗೆ ಹತ್ಬೇಕು ಅಂತ ನೋಡಿ ಹೇಳ್ತೀನಿ.