ಪದಚರ್ಚೆ: ದಂಡು ಕಟ್ಟುವ ಆಟದಲ್ಲಿ ‘ರನ್’ಗೆ ‘ಯಾತ್ರೆ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಪುಣೆಯ ಕನ್ನಡ ಹುಡುಗರಿಗಾಗಿ ಒಂದು ರೋಗ್‌ಲೈಕ್ ಆಟೋಬ್ಯಾಟ್ಲರ್ ವಿಡಿಯೊ ಗೇಮಿನ ಪಠ್ಯವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಕೆಲವು ಪದಗಳ ಬಗ್ಗೆ ಬಲ್ಲವರ ಮಾತು ಬೇಕು.

ಈ ಬಗೆಯ ಆಟ ಆಡದವರಿಗೆ ಎರಡು ಮಾತು. ಆಟೋಬ್ಯಾಟ್ಲರ್‌ನಲ್ಲಿ ಆಳುಗಳನ್ನು ಕೊಳ್ಳುವುದು, ಕೈಗೆ ಆಯುಧ ಕೊಡುವುದು, ಯಾರು ಮುಂದೆ ಯಾರು ಹಿಂದೆ ಎಂದು ನಿಲ್ಲಿಸುವುದು, ಇಷ್ಟೇ ಆಡುವವರ ಕೆಲಸ. ಕಾಳಗ ತಾನಾಗಿಯೇ ನಡೆಯುತ್ತದೆ, ನಡುವೆ ಕೈ ಹಾಕುವಂತಿಲ್ಲ. ಚೀನಾದ ಡ್ರೋಡೊ ಸ್ಟುಡಿಯೊ 2019ರ ಜನವರಿಯಲ್ಲಿ ಹೊರತಂದ ಡೋಟಾ ಆಟೋ ಚೆಸ್‌ನಿಂದ ಇದು ಎಲ್ಲೆಡೆ ಹಬ್ಬಿತು. ರೋಗ್‌ಲೈಕ್ ಎಂಬ ಹೆಸರು 1980ರ ರೋಗ್ ಎಂಬ ಆಟದಿಂದ ಬಂದದ್ದು: ಪ್ರತಿ ಸಲವೂ ನಕ್ಷೆ ಬೇರೆ, ಸತ್ತರೆ ಮತ್ತೆ ಮೊದಲಿನಿಂದ. ಮರಾಠಿಯ ನಡುವೆ ಬೆಳೆದ ಮಕ್ಕಳ ಕಣ್ಣಿಗೆ ‘ರೋಗ್’ ಎಂದರೆ ಕಾಯಿಲೆಯೇ. ಹಾಗಾಗಿ ಮೊದಲ ಪರದೆಯಲ್ಲಿ ‘ದಂಡು ಕಟ್ಟುವ ಆಟ’ ಎಂದಷ್ಟೇ ಬರೆದಿದ್ದೇವೆ.

ನಿಜವಾಗಿ ತೊಡಕಾಗಿರುವುದು ‘ರನ್’. ಶುರುವಿನಿಂದ ಸಾಯುವ ತನಕ, ಇಲ್ಲವೇ ಗೆಲ್ಲುವ ತನಕ ಒಂದು ರನ್. ‘ಓಟ’ ಎಂದರೆ ಕ್ರಿಕೆಟ್ ಆಗುತ್ತದೆ. ‘ಸುತ್ತು’ ಬೇರೆಡೆಗೆ ಬೇಕು, ಏಕೆಂದರೆ ಒಂದು ರನ್ನಿನೊಳಗೆ ಹಲವು ಸುತ್ತು ಕಾಳಗ ಇರುತ್ತದೆ. ‘ಪಂದ್ಯ’ ಎಂದರೆ ಎದುರಾಳಿ ಒಬ್ಬನೇ ಇದ್ದಂತೆ ಕೇಳುತ್ತದೆ. ‘ದಂಡಯಾತ್ರೆ’ ಅರ್ಥಕ್ಕೆ ಚೆನ್ನಾಗಿ ಹೊಂದುತ್ತದೆ, ಶಾಲೆಯ ಇತಿಹಾಸದಲ್ಲಿ ಎಲ್ಲರೂ ಓದಿದ ಪದವೂ ಹೌದು. ಆದರೆ ಪರದೆಯ ಗುಂಡಿಯಲ್ಲಿ (ಬಟನ್) ಹಿಡಿಯುವುದಿಲ್ಲ. ಅದನ್ನೇ ‘ಯಾತ್ರೆ’ ಎಂದು ಮೊಟಕು ಮಾಡಿದರೆ ಸಾವಿನ ನಗೆಯೂ ತಾನಾಗಿ ಬರುತ್ತದೆ. ದಂಡೆಲ್ಲ ಸತ್ತಾಗ ‘ಯಾತ್ರೆ ಮುಗಿಯಿತು’ ಎಂದು ಪರದೆ ಹೇಳಿದರೆ, ಇಹಲೋಕದ ಯಾತ್ರೆ ಮುಗಿಸಿದರು ಎಂಬ ನಮ್ಮ ಮಾತು ಯಾರಿಗೆ ನೆನಪಾಗದು? ಅದೇ ಕಾರಣಕ್ಕೆ ಗೆದ್ದಾಗ ಆ ಸಾಲು ಸಲ್ಲದು. ಅಲ್ಲಿ ‘ದಿಗ್ವಿಜಯ’ ಇಟ್ಟಿದ್ದೇವೆ.

ಎರಡನೆಯದು, ಮೂರು ಒಂದೇ ಬಗೆಯ ಕಾಯಿ (ಅಂದರೆ ಆಳು) ಕೂಡಿ ಒಂದು ಬಲವಾದ ಕಾಯಿ ಆಗುವುದು. ಆಟೋ ಚೆಸ್‌ನಲ್ಲಿ ಸಾಮಾನ್ಯವಾಗಿ 3 ಕೂಡಿದರೆ ಎರಡು ನಕ್ಷತ್ರದ ಕಾಯಿ, 9 ಕೂಡಿದರೆ ಮೂರು ನಕ್ಷತ್ರದ್ದು. ಚೌಕಾಬಾರ ಆಡಿದವರಿಗೆ ಮೊದಲು ಹೊಳೆಯುವುದು ‘ಹಣ್ಣಾಯಿತು’. ಆದರೆ ಅಲ್ಲಿ ಹಣ್ಣಾದ ಕಾಯಿಯ ಆಟ ಮುಗಿದಂತೆ, ಇಲ್ಲಿಯದು ಇನ್ನೂ ಹೊಡೆದಾಡಬೇಕು. ನನ್ನ ಒಲವು ‘ಬಲಿಯಿತು’ ಕಡೆಗೆ. ಕಾಯಿ ಬಲಿಯುವುದು ದಿನಬಳಕೆಯ ಮಾತು, ಜೊತೆಗೆ ಇಬ್ಬರು ಬಲಿಯಾಗಿಯೇ ಮೂರನೆಯವನು ಬಲಿಯುತ್ತಾನೆ. ಟೈಪ್ ಮಾಡುವವರು ಮಾತ್ರ ಎಚ್ಚರವಾಗಿರಬೇಕು: ‘ಬಲಿಯಾಯಿತು’ ಎಂದು ಬಿದ್ದರೆ ಅರ್ಥ ತಿರುಗಿ, ಆಡುವವರು ಕಾಯಿ ಕಳೆದುಕೊಂಡೆವು ಅಂದುಕೊಳ್ಳುತ್ತಾರೆ.

ಅಂಗಡಿಯ ಸರಕು ಬದಲಿಸುವ ‘ರೀರೋಲ್’ಗೆ ‘ಮರುದಾಳ’ ಸಾಕು. ‘ಗರ’ ಎಂಬುದು ಬಿದ್ದ ಸಂಖ್ಯೆಯನ್ನು ಹೇಳುತ್ತದೆ, ಹಾಕುವ ಕ್ರಿಯೆಯನ್ನಲ್ಲ. ಅಲ್ಲದೆ ಚೌಕಾಬಾರದಲ್ಲಿ ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಸಲ ಪುಕ್ಕಟೆ, ಇಲ್ಲಿ ಪ್ರತಿ ಸಲಕ್ಕೂ 2 ಚಿನ್ನ ತೆರಬೇಕು.

ಇನ್ನು ಸಾವಿನ ಸುದ್ದಿ. ಇಂಗ್ಲಿಷ್ ಪಠ್ಯದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಮುಂದೆ ಒಂದೇ ಕ್ರಿಯಾಪದ ಇಟ್ಟಿರುತ್ತಾರೆ. ಕನ್ನಡದಲ್ಲಿ ಬಿಲ್ಲುಗಾರ ಸತ್ತನು, ಭರ್ಜಿಗಾರ್ತಿ ಸತ್ತಳು, ನಾಯಿ ಸತ್ತಿತು. ವಿಭಕ್ತಿಯದು ಇನ್ನೂ ಕಷ್ಟ. ಪ್ರೋಗ್ರಾಂ ಹೆಸರಿಗೆ ‘ಗೆ’ ಅಂಟಿಸಿದರೆ ನಾಯಿಗೆ ಸರಿಹೋಗುತ್ತದೆ, ಬಿಲ್ಲುಗಾರ ‘ಬಿಲ್ಲುಗಾರಗೆ’ ಆಗಿಬಿಡುತ್ತಾನೆ. ಅದಕ್ಕೆ ಪ್ರತಿ ಹೆಸರಿಗೂ ಬೇಕಾದ ವಿಭಕ್ತಿ ರೂಪಗಳನ್ನು ಮೊದಲೇ ಪಟ್ಟಿಯಲ್ಲಿ ಬರೆದಿಡುವುದೇ ದಾರಿ. ಸಾವಿಗೆ ಇದಕ್ಕಿಂತ ಸುಲಭದ ಉಪಾಯ ಒಂದಿದೆ: ಹೆಸರಿನ ಹಿಂದೆ ‘ದಿ.’ ಹಾಕುವುದು. ‘ದಿ. ಬಿಲ್ಲುಗಾರ’, ‘ದಿ. ನಾಯಿ’. ಲಿಂಗದ ಗೊಡವೆ ಇಲ್ಲ, ಎರಡೇ ಅಕ್ಷರದ ಜಾಗ, ಪತ್ರಿಕೆಯ ಶ್ರದ್ಧಾಂಜಲಿಯ ಗಾಂಭೀರ್ಯವೂ ಬಂತು. ಮರಾಠಿಯ ‘ಕೈ.’ (ಕೈಲಾಸವಾಸಿ) ಇಲ್ಲಿ ಎಲ್ಲರಿಗೂ ಪರಿಚಿತವೇ, ಆದರೆ ಕನ್ನಡದಲ್ಲಿ ಓದಿದರೆ ಕೈಕಾಲಿನ ಕೈ ಆಗುತ್ತದೆ. ‘ಗೊಟಕ್’, ‘ನೆಗೆದುಬಿದ್ದ’ ಎಂಬಂಥವನ್ನು ಆಳುಗಳ ಬಾಯಲ್ಲಿ ಮಾತ್ರ ಇಡೋಣ. ಪರದೆಯ ಮಾತು ಗಂಭೀರವಾಗಿದ್ದರೇ ನಗು ಬರುವುದು.

ಅಕ್ಷರದ ವಿಷಯ: ಗೇಮ್ ತಯಾರಿಸುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್‌ಪ್ರೊ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ‘ಯಾತ್ರೆ’ ಒಡೆದು ‘ಯಾತ್‌ರೆ’ ಆಗುತ್ತದೆ. ಅಂಥದ್ದೇ ಇನ್ನೊಂದು ತಂತ್ರಾಂಶ ಗೊಡೊ 4ರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಒಳಗೇ ಇರುವುದರಿಂದ ಈ ತೊಂದರೆ ಇಲ್ಲ. ಆದರೂ ಸಾಲಿನ ಎತ್ತರ ಇಂಗ್ಲಿಷಿನ ಅಳತೆಗೇ ಬಿಟ್ಟರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ.

ಈಗ ಕೇಳಬೇಕಾದ್ದು. ಪುಣೆಯ ಸುತ್ತ ಊರಹಬ್ಬಕ್ಕೂ ‘ಯಾತ್ರಾ’ ಎನ್ನುವುದುಂಟು. ‘ಹೊಸ ಯಾತ್ರೆ’ ಎಂಬ ಗುಂಡಿ ನೋಡಿ ಇಲ್ಲಿನ ಮಕ್ಕಳು ಜಾತ್ರೆ ಎಂದುಕೊಂಡಾರೇ? ಹಾಗಿದ್ದರೆ ಒಂದು ಸಲದ ಆಟಕ್ಕೆ ಹೇಳುವ ಮರಾಠಿಯ ‘ಡಾವ್’ ಅನ್ನೇ ಇಟ್ಟುಕೊಳ್ಳಬಹುದೇ? ಸೊಲ್ಲಾಪುರ, ಸಾಂಗ್ಲಿ ಕಡೆಯವರು ಒಂದು ಆಟ ಮುಗಿದು ಇನ್ನೊಂದು ಶುರುವಾಗುವಾಗ ಕನ್ನಡದಲ್ಲಿ ಏನನ್ನುತ್ತೀರಿ, ವಾಕ್ಯದ ಸಮೇತ ತಿಳಿಸಿ.