ಓದುಕೂಟದ ಪುಸ್ತಕ ಪಟ್ಟಿ: ಯಾವುದು ಮೊದಲು, ಯಾವುದು ಆಮೇಲೆ

ಎಲ್ಲರಿಗೂ ನಮಸ್ಕಾರ. ಹೊರದೇಶಗಳಲ್ಲಿರುವ ನಮ್ಮ ಕನ್ನಡ ಕುಟುಂಬಗಳ ಮುಂದಿನ ವರ್ಷದ ಓದುಕೂಟಕ್ಕೆ ನೀವು ಸೂಚಿಸಿದ ಪುಸ್ತಕಗಳೆಲ್ಲ ಒಳ್ಳೆಯವೇ. ಆದರೆ ನಮ್ಮಲ್ಲಿ ಸರಾಗವಾಗಿ ಓದುವ ಅಪ್ಪ-ಅಮ್ಮಂದಿರಿದ್ದಾರೆ, ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ, ಕನ್ನಡ ಕೇಳಿದರೆ ತಿಳಿಯುತ್ತದೆ ಆದರೆ ಓದಲು ಬಾರದು ಅನ್ನುವ ಹದಿಹರೆಯದವರೂ ಇದ್ದಾರೆ. ಹಾಗಾಗಿ ಪ್ರಶಸ್ತಿ ನೋಡಿ ಆರಿಸುವುದು ಬೇಡ. ಗಟ್ಟಿಯಾಗಿ ಓದಿದಾಗ ಕಿವಿಗೆ ಹತ್ತುವ ಪುಸ್ತಕ ಮೊದಲು ಬರಲಿ.

ಆ ಲೆಕ್ಕದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ (1980) ಮೊದಲನೆಯದು. ವಾಕ್ಯಗಳು ಚಿಕ್ಕವು, ಸಂಭಾಷಣೆ ಹೆಚ್ಚು, ಪಾತ್ರಗಳು ಕೈಬೆರಳಲ್ಲಿ ಎಣಿಸುವಷ್ಟು. ಮಂದಣ್ಣ, ಬಿರ್ಯಾನಿ ಕರಿಯಪ್ಪ, ಪ್ರಭಾಕರ, ಕಿವಿ ಎಂಬ ನಾಯಿ ಒಮ್ಮೆ ಬಂದರೆ ಮಕ್ಕಳಿಗೆ ಮರೆಯುವುದೇ ಇಲ್ಲ. ಗಟ್ಟಿ ಓದಿಗೆ ಗಂಟೆಗೆ ಹದಿನೈದರಿಂದ ಇಪ್ಪತ್ತು ಪುಟ ಸಾಗುತ್ತದೆ. ತಿಂಗಳಿಗೆ ಎರಡು ಸಲ ಒಂದೂವರೆ ಗಂಟೆ ಕೂತರೆ ಮೂರು ತಿಂಗಳಲ್ಲಿ ಮುಗಿಸಬಹುದು. ಮಕ್ಕಳು ಕೈಬಿಡುವುದು ಮೊದಲ ಭಾಗದಲ್ಲಿ. ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆಯಿದು, ಅದಕ್ಕಾಗಿಯೇ ಕಾಯುತ್ತಿರುವವರಿಗೆ ಜೇನಿನ ವಿಷಯ, ಮಂದಣ್ಣನ ಮದುವೆಯ ಗಡಿಬಿಡಿ, ಕಳ್ಳಭಟ್ಟಿಯ ರಗಳೆ ಎಲ್ಲ ಯಾಕೆ ಅನ್ನಿಸುತ್ತದೆ. ಅದಕ್ಕೆ ಮೊದಲ ದಿನವೇ ಜೇನು ಪೆಟ್ಟಿಗೆಯ ಚಿತ್ರ, ಪಶ್ಚಿಮ ಘಟ್ಟದ ನಕ್ಷೆಯಲ್ಲಿ ಮೂಡಿಗೆರೆ ತೋರಿಸಿಬಿಡಿ. ಕೊನೆಯಲ್ಲಿ ಏನಾಗುತ್ತದೆಂದು ಯಾರೂ ಬಾಯಿ ಬಿಡಬೇಡಿ, ದಯವಿಟ್ಟು.

ಇದರ ಜೊತೆಗೇ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಟ್ಟುಕೊಳ್ಳೋಣ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕವಿದು. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತಿದ ಬರಹ, ಚಿತ್ರಗಳೂ ಅವರವೇ. ಇದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂದಿಲ್ಲ. ಒಬ್ಬೊಬ್ಬ ಮಗು ಒಂದೊಂದು ಗಿಡ ಹಂಚಿಕೊಳ್ಳಲಿ. ಗಿಡಗಳ ಲ್ಯಾಟಿನ್ ಹೆಸರೂ ಪುಸ್ತಕದಲ್ಲಿ ಸಿಗುವುದರಿಂದ ಹುಡುಕಿ ಫೋಟೊ ತರುವುದು ಕಷ್ಟವಲ್ಲ. ಕಥೆಯೆಂದರೆ ಮೂಗು ಮುರಿಯುವ, ವಿಜ್ಞಾನ ಇಷ್ಟಪಡುವ ಮಕ್ಕಳು ಕನ್ನಡದ ಹತ್ತಿರ ಬರುವುದು ಇಂಥ ಪುಸ್ತಕದಿಂದಲೇ.

‘ಪರ್ವ’ವನ್ನು (1979) ಹಲವರು ಕೇಳಿದ್ದೀರಿ. ಭೈರಪ್ಪನವರು ಪವಾಡಗಳನ್ನೆಲ್ಲ ಬಿಟ್ಟು ಮಹಾಭಾರತವನ್ನು ಮನುಷ್ಯರ ಮನಸ್ಸಿನೊಳಗಿಂದ ಹೇಳಿದ್ದಾರೆ. ದೊಡ್ಡವರಿಗೆ ಅದ್ಭುತ ಓದು. ಆದರೆ ಕಥೆ ಶುರುವಾಗುವುದು ಮದ್ರದೇಶದಲ್ಲಿ, ಮುದುಕ ಶಲ್ಯನ ಮನೆಯಲ್ಲಿ. ಪಾಂಡವರು ಎಲ್ಲಿ ಅಂತ ಕಾದು ಕಾದು ಜನ ಬಿಟ್ಟುಬಿಡುವುದು ಅಲ್ಲೇ. ಕುರುವಂಶದ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಕೈಗೆ ಕೊಡಿ. ಕುಂತಿಯ ನೆನಪುಗಳು ಬರುವ ಭಾಗವನ್ನು ಮಾತ್ರ ಕೂಟದಲ್ಲಿ ಓದಿ, ಉಳಿದದ್ದು ಅವರವರ ಮನೆಯಲ್ಲಿ. ನಿಯೋಗ (ಗಂಡನಲ್ಲದವನಿಂದ ಮಗು ಪಡೆಯುವ ಹಳೆಯ ಪದ್ಧತಿ), ಲೈಂಗಿಕತೆ ಎಲ್ಲ ನೇರವಾಗಿ ಬರುವುದರಿಂದ ಚಿಕ್ಕ ಮಕ್ಕಳಿಗೆ ಇದು ಬೇಡ.

ಓದಲು ಬಾರದ ಹದಿಹರೆಯದವರಿಗೆ ಕನ್ನಡ ಮೂಲ ಮತ್ತು ಇಂಗ್ಲಿಷ್ ಅನುವಾದ ಎರಡೂ ಸಿಗುವ ಪುಸ್ತಕ ಬೇಕು. ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ ತುಂಬ ಚಿಕ್ಕದು, ಶ್ರೀನಾಥ್ ಪೆರೂರ್ ಅವರ ಅನುವಾದವನ್ನು ಒಂದೇ ದಿನದಲ್ಲಿ ಓದಬಹುದು. ಮಸಾಲೆ ವ್ಯಾಪಾರದಿಂದ ದುಡ್ಡು ಬಂದ ಮೇಲೆ ಮನೆಯವರ ನಡುವಿನ ಮಾತು ಹೇಗೆ ಬದಲಾಗುತ್ತದೆ ಎಂಬುದು ವಿದೇಶದಲ್ಲಿ ಬೆಳೆದ ಮಕ್ಕಳಿಗೂ ತಟ್ಟುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ನಲ್ಲಿ ಹನ್ನೆರಡು ಕಥೆಗಳಿವೆ. ನಮ್ಮ ಮಾತಿನ ಪದಗಳನ್ನು ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಹಾಗೇ ಬಿಟ್ಟಿದ್ದಾರೆ. ಆ ಪದಗಳು ಬಂದಾಗ ಮಕ್ಕಳು ಅಮ್ಮನನ್ನೇ ಕೇಳಬೇಕಾಗುತ್ತದೆ, ನಮಗೆ ಬೇಕಾದದ್ದೂ ಅದೇ. ಒಂದು ಸಲಕ್ಕೆ ಒಂದೇ ಕಥೆ ಸಾಕು. ಶೀರ್ಷಿಕೆಯ ಕಥೆಯಲ್ಲಿ ಮೆಹರುನ್ ಸಾಯಲು ಹೊರಡುತ್ತಾಳೆ. ಅದನ್ನು ಮೊದಲೇ ತಿಳಿಸಿ, ಹದಿನಾರು ದಾಟಿದವರ ಜೊತೆ ಮಾತ್ರ ಓದಿ.

ಅಕ್ಷರ ಕೂಡಿಸಿ ಓದುವ ಮಕ್ಕಳ ವಿಷಯ. ಅವರು ತಡವರಿಸುವುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ. ‘ಧರ್ಮ’ದಲ್ಲಿ ಗುರುತು ‘ಮ’ದ ಆಮೇಲೆ ಬರುತ್ತದೆ, ಉಚ್ಚಾರ ಮಾತ್ರ ಮೊದಲು. ಮಗು ‘ಧಮ್ರ’ ಎಂದು ಓದಿದರೆ ತಿದ್ದಿ ಮುಂದೆ ಹೋಗಿ, ಅಲ್ಲೇ ಪಾಠ ಶುರು ಮಾಡಬೇಡಿ. ಒಬ್ಬ ಮಗುವಿಗೆ ಅರ್ಧ ಪುಟ ಸಾಕು. ಫೋನಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಡಬೇಡಿ, ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಹೋಗಿ ಒತ್ತಕ್ಷರ ಕಾಣದೆ ಮಗು ಸೋಲುತ್ತದೆ. ಊರಿಂದ ಬರುವವರ ಕೈಲಿ ಅಚ್ಚಿನ ಪ್ರತಿಗಳನ್ನೇ ತರಿಸಿ, ಎಲ್ಲರದೂ ಒಂದೇ ಮುದ್ರಣವಾಗಿರಲಿ. ಇಲ್ಲದಿದ್ದರೆ ಪುಟ ಸಂಖ್ಯೆ ಹೊಂದದೆ ಹತ್ತು ನಿಮಿಷ ಹುಡುಕುವುದರಲ್ಲೇ ಹೋಗುತ್ತದೆ.

ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ಯದು ನಂಜನಗೂಡಿನ ಕಡೆಯ ಆಡುಮಾತು. ಮಕ್ಕಳಿಗಿರಲಿ, ಬೇರೆ ಸೀಮೆಯ ದೊಡ್ಡವರಿಗೂ ಕಷ್ಟ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳೋಣ.

ಸಿಡ್ನಿಯಿಂದ ಒಬ್ಬರ ಉತ್ತರ:

ಮೇಡಂ, ಮಿಕ್ಕಿದ್ದೆಲ್ಲ ಒಪ್ಪಿಗೆ, ‘ಕುಸುಮಬಾಲೆ’ ಮಾತ್ರ ಮುಂದೂಡಬೇಡಿ. ಕಣ್ಣಲ್ಲಿ ಓದಿದರೆ ಕಷ್ಟ ನಿಜ. ಆದರೆ ಕಿವಿಗೆ ಹತ್ತಬೇಕು ಅನ್ನುವುದೇ ಅಳತೆಯಾದರೆ ಅದಕ್ಕಿಂತ ಒಳ್ಳೆಯ ಪುಸ್ತಕ ಎಲ್ಲಿದೆ? ಪುಸ್ತಕವೂ ಸಣ್ಣದು. ಮೈಸೂರು, ಚಾಮರಾಜನಗರ ಕಡೆಯವರು ಕೂಟದಲ್ಲಿ ಒಬ್ಬರಾದರೂ ಇರುತ್ತಾರೆ, ಅವರಿಂದಲೇ ಓದಿಸಿ. ರಾತ್ರಿ ಮನೆಮನೆಯ ದೀಪಗಳಿಂದ ಜೋತಮ್ಮಗಳು, ಅಂದರೆ ದೀಪದ ಜ್ಯೋತಿಗಳು, ಎದ್ದುಬಂದು ಒಂದೆಡೆ ಕೂತು ಮಾತಾಡುವ ಭಾಗವಿದೆಯಲ್ಲ, ಅಷ್ಟನ್ನೇ ಮೊದಲು ಓದಿ. ಹಿಂದಿನ ಮುಂದಿನ ಕಥೆ ಗೊತ್ತಿಲ್ಲದಿದ್ದರೂ ಮಕ್ಕಳು ಕೇಳುತ್ತಾರೆ. ಅದಾದ ಮೇಲೆ ಜಾತಿ, ಕೊಲೆಯ ವಿಷಯ ದೊಡ್ಡವರು ಬೇರೆಯಾಗಿ ಕೂತು ಚರ್ಚಿಸಬಹುದು. ಅದರ ಪಕ್ಕದಲ್ಲಿ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಇಟ್ಟರೆ ಕಾದಂಬರಿ ಹೇಳುವ ಲೋಕವನ್ನೇ ಬದುಕಿದವರ ಬಾಯಲ್ಲಿ ಕೇಳಿದಂತಾಗುತ್ತದೆ. ನಗಿಸುತ್ತಲೇ ನೋವು ಹೇಳುವ ಪುಸ್ತಕ ಅದು, ಹೈಸ್ಕೂಲ್ ಮಕ್ಕಳಿಗೂ ಹಿಡಿಸುತ್ತದೆ.

ಸಿಂಗಪುರದಿಂದ ಇನ್ನೊಬ್ಬರ ಉತ್ತರ:

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಪಟ್ಟಿಯಲ್ಲಿ ಇಲ್ಲವಲ್ಲ? 1980ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದ ಪ್ರವಾಸ ಕಥನ. ಆಗಿನ ಅಮೆರಿಕ ಈಗಿಲ್ಲ, ಹಾಗಾಗಿ ಮಾಹಿತಿಗೆಂದು ಓದಬೇಡಿ. ಊರಿಂದ ಅಜ್ಜ-ಅಜ್ಜಿ ಬಂದಿರುವ ತಿಂಗಳುಗಳಲ್ಲಿ ಇಟ್ಟುಕೊಂಡರೆ ಅವರೇ ಓದಿ ಹೇಳುತ್ತಾರೆ.