ದೀರ್ಘವಾಗಿ ಉಸಿರೆಳೆದುಕೊಂಡ ಮೇಲೆ ಭಯ ಇನ್ನೂ ಹೆಚ್ಚಿತು, ಏಕೆ?

ಕರಿಕೋಟು:
ವಕೀಲಿಕೆಗೆ ಬಂದು ಮೂರು ವರ್ಷವಾಯಿತು. ದಾವೆಪತ್ರ ಬರೆಯಲು ಅಳುಕಿಲ್ಲ, ಪಾಟೀಸವಾಲಿಗೆ ನಿಂತರೆ ಮಾತ್ರ ಎದೆ ಡವಗುಟ್ಟುತ್ತದೆ. ಕಳೆದ ವಾರ ಬದುವಿನ ತಕರಾರೊಂದರಲ್ಲಿ ಭೂಮಾಪಕರನ್ನು ಪ್ರಶ್ನಿಸಬೇಕಿತ್ತು. "ದೀರ್ಘವಾಗಿ ಉಸಿರು ತೆಗೆದುಕೊ, ಸರಿಹೋಗುತ್ತದೆ" ಎಂದರು ಸೀನಿಯರ್. ಪಡಸಾಲೆಯ ಕಂಬಕ್ಕೆ ಒರಗಿ, ಎದೆಯುಬ್ಬಿಸಿ, ಹದಿನೈದಿಪ್ಪತ್ತು ಸಲ ಗಬಗಬನೆ ಎಳೆದುಕೊಂಡೆ. ಬೆರಳ ತುದಿ ಜುಮುಗುಟ್ಟಿತು, ತುಟಿ ಮರಗಟ್ಟಿತು, ತಲೆ ಗಿರ್ರೆಂದಿತು. ಕರೆ ಬಂದಾಗ ಪಕ್ಕದವರ ಕಡತ ಎತ್ತಿಕೊಂಡು ಒಳಗೆ ಹೋದೆ! "ನೀರು ಬೇಕೇನಮ್ಮ?" ಎಂದರು ನ್ಯಾಯಾಧೀಶರು. ಉಸಿರಿನಿಂದ ಮನಸ್ಸು ಹಿಡಿತಕ್ಕೆ ಬರುತ್ತದೆ ಎನ್ನುವುದು ಬರೀ ಬಾಯಿಮಾತೇ?

ಬೆನ್ನುಮೂಳೆ (ಫಿಸಿಯೋಥೆರಪಿ ನನ್ನ ಕೆಲಸ):
ಬಾಯಿಮಾತಲ್ಲ, ನೀವು ಮಾಡಿದ್ದು ತಿರುವುಮುರುವು. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ; ಗಬಗಬನೆ ಎಳೆದರೆ ಅದು ಏರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಟ್ಟುತ್ತದೆ. ಮೊದಲೇ ಹೆದರಿದವರು ಅದನ್ನೂ ಭಯವೆಂದೇ ಎಣಿಸುತ್ತಾರೆ.

ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ. ಒಳಗೆಳೆಯುವಾಗ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ಮೆದುಳಿನಿಂದ ಹೃದಯಕ್ಕಿಳಿಯುವ ವೇಗಸ್ ನರದ ಮೂಲಕ ತಗ್ಗುತ್ತದೆ. ಬ್ರೇಕು ಇರುವುದು ಬಿಡುವ ಉಸಿರಿನಲ್ಲಿ. ಮೂಗಿನಿಂದ ಎಳೆದು, ಅದರ ಮೇಲೆ ಇನ್ನೊಂದು ಪುಟ್ಟ ಗುಟುಕು ಎಳೆದು, ಬಿಸಿ ಕಾಫಿ ಆರಿಸುವಂತೆ ಬಾಯಿಯಿಂದ ನಿಧಾನವಾಗಿ ಬಿಡಿ. ಮೂರು ಸಲ ಸಾಕು. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ, ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಹೀಗೆ ಉಸಿರಾಡಿದವರ ಉಲ್ಲಾಸ ಧ್ಯಾನ ಮಾಡಿದವರದ್ದಕ್ಕಿಂತ ಹೆಚ್ಚು ಏರಿತ್ತು. ಕಾರಣವಿಲ್ಲದೆಯೂ ಹೀಗೆ ಎದೆ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ತುಳಸಿಕಟ್ಟೆ:
ಇದಕ್ಕೆ ನಮ್ಮಲ್ಲಿ ಹೆಸರೇ ಇದೆಯಲ್ಲ: ನಿಟ್ಟುಸಿರು! ನಿಡಿದು ಉಸಿರು ಅಷ್ಟೇ. ಮುಸ್ಸಂಜೆ ಹೊತ್ತು ನಾನು ನಿಟ್ಟುಸಿರು ಬಿಟ್ಟರೆ ಅಜ್ಜಿ "ದೀಪ ಹಚ್ಚುವ ಹೊತ್ತಿನಲ್ಲಿ ಇದೇನು ದರಿದ್ರ" ಎಂದು ಗದರುತ್ತಿದ್ದರು. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ, 34ನೆಯ ಸೂತ್ರದಲ್ಲಿ, ಚಿತ್ತವನ್ನು ತಿಳಿಗೊಳಿಸಲು ಹೇಳಿರುವುದೂ ಉಸಿರನ್ನು ಹೊರಹಾಕುವುದನ್ನೇ, ಆಮೇಲೆ ತಡೆಯುವುದನ್ನು. ಭ್ರಾಮರಿಯೂ ಒಳ್ಳೆಯದು, ದುಂಬಿಯಂತೆ ಗುಂಯ್ಗುಡುತ್ತಾ ಉಸಿರು ತಾನಾಗಿ ಉದ್ದವಾಗುತ್ತದೆ. ಪಡಸಾಲೆಯಲ್ಲಿ ಬೇಡ, ಕಕ್ಷಿದಾರರು ವಕಾಲತ್ತು ಹಿಂದಕ್ಕೆ ಪಡೆದಾರು.

ಕರಿಕೋಟು:
ಒಂಬತ್ತು ದಿನ ಬೆಳಿಗ್ಗೆ ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಪಕ್ಕದ ಸೀಟಿನ ಹೆಂಗಸು "ಏನು ಕಷ್ಟವಮ್ಮ?" ಎಂದು ಕೇಳಿ ಬಾಳೆಹಣ್ಣು ಕೊಟ್ಟರು. ನಿನ್ನೆ ಅದೇ ಭೂಮಾಪಕರು ಕಟಕಟೆಯಲ್ಲಿದ್ದರು. ಎದ್ದು ನಿಲ್ಲುವ ಮೊದಲು ಸದ್ದಿಲ್ಲದೆ ಮೂರು ನಿಟ್ಟುಸಿರು ಬಿಟ್ಟೆ. ಭಯ ಹೋಗಲಿಲ್ಲ, ಅಂಗೈ ಬೆವರಿಯೇ ಇತ್ತು. ಆದರೆ ದನಿ ಒಡೆಯಲಿಲ್ಲ. "ಅಳತೆಯ ದಿನ ಸರಪಳಿಯ ಆ ತುದಿ ಹಿಡಿದವರು ಯಾರು?" ಎಂದು ಕೇಳಿದೆ. ಈ ಸಲ ನೀರು ಕೇಳಿದವರು ಅವರು.